ಭಾರ ಎಳೆಯುವ ಡೀಸೆಲ್ ಗಾಡಿಗಳಿಗೆ ಶಕ್ತಿವರ್ಧಕ ಸಾಧನಗಳನ್ನು ಆರಿಸುವ ವಿಚಾರ

(ಸಂತೇಬೆನ್ನೂರು ಹೋಬಳಿಯ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್.ಎಜಿ., ಅವರಿಂದ)

ಸಂತೇಬೆನ್ನೂರು ಹೋಬಳಿಯಲ್ಲಿಯೂ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿಯೂ ಎತ್ತಿನ ಗಾಡಿಯ ಕೆಲಸವನ್ನು ಬಹುಮಟ್ಟಿಗೆ ಡೀಸೆಲ್ ಟ್ರ್ಯಾಕ್ಟರುಗಳೂ ಪಿಕಪ್ ಗಾಡಿಗಳೂ ವಹಿಸಿಕೊಂಡಿರುವುದು ಸರ್ವರಿಗೂ ತಿಳಿದ ಸಂಗತಿಯೇ ಆಗಿದೆ. ಭದ್ರಾ ನಾಲೆಯ ಅಚ್ಚುಕಟ್ಟಿನ ಬತ್ತ, ಸೂಳೆಕೆರೆಯ ಬಯಲಿನ ಅಡಿಕೆ, ಜಗಳೂರಿನ ಕಡೆಯ ಮೆಕ್ಕೆಜೋಳ ಮತ್ತು ಈರುಳ್ಳಿ, ಇವೆಲ್ಲವೂ ಹೊಲದಿಂದ ಕಣಕ್ಕೂ ಕಣದಿಂದ ಮಂಡಿಗೂ ಈ ಗಾಡಿಗಳ ಮೇಲೆಯೇ ಹೋಗಬೇಕಾಗಿದೆ. ಸುಗ್ಗಿಯ ಕಾಲದಲ್ಲಿ ಒಂದು ದಿವಸದ ತಡವಾದರೂ ಮಳೆಗೆ ಸಿಕ್ಕಿ ಮಾಲು ಕೆಡುವ ಸಂಭವವಿರುವುದರಿಂದ, ಒಂದೇ ಸಾರಿಗೆ ಹೆಚ್ಚು ಭಾರವನ್ನು ಬೇಗನೆ ಎಳೆಯಬೇಕೆಂಬ ಆಸೆ ಜಮೀನುದಾರರಲ್ಲಿ ಹುಟ್ಟುವುದು ಸಹಜವೇ ಸರಿ.

ಈ ಆಸೆಯನ್ನು ತಿಳಿದ ಕೆಲವು ಮೆಕ್ಯಾನಿಕ್ಕುಗಳೂ ಮಾರಾಟಗಾರರೂ "ನಿಮ್ಮ ಗಾಡಿಯ ಪಂಪನ್ನು ಏರಿಸಿಕೊಡುತ್ತೇವೆ", "ಈ ಪೆಟ್ಟಿಗೆಯನ್ನು ಸಿಕ್ಕಿಸಿದರೆ ಎಂಜಿನಿನ ಶಕ್ತಿ ಕಾಲು ಪಾಲು ಹೆಚ್ಚುತ್ತದೆ" ಎಂಬುದಾಗಿ ಹೇಳುತ್ತಿರುವುದುಂಟು. ಇಂಥ ಸಾಧನಗಳಲ್ಲಿ ಯಾವುದನ್ನು ಆರಿಸಬೇಕು, ಅದರಿಂದ ನಿಜವಾದ ಪ್ರಯೋಜನವುಂಟೇ ಎಂದು ನಮ್ಮ ಹೋಬಳಿಯ ಕೆಲವರು ವಿಚಾರಿಸಿರುತ್ತಾರೆ. ಟ್ರ್ಯಾಕ್ಟರನ್ನು ಬಹುಮಂದಿ ಬ್ಯಾಂಕಿನ ಸಾಲದಿಂದ ಕೊಂಡವರು. ಎಂಜಿನು ಕೆಟ್ಟು ಸುಗ್ಗಿಯಲ್ಲಿ ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಆದಕಾರಣ ಈ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ವಿಚಾರ ಮಾಡುವುದು ಯುಕ್ತವೆಂದು ತೋರುತ್ತದೆ.

1. ಡೀಸೆಲ್ ಎಂಜಿನು ಶಕ್ತಿಯನ್ನು ಪಡೆಯುವ ಬಗೆ

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರರು 1897ನೇ ಇಸವಿಯಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಸಾರ್ಥಕವಾಗಿ ನಡೆಯಿಸಿ ತೋರಿಸಿದ ಯಂತ್ರವೇ ಇಂದಿನ ಈ ಎಂಜಿನುಗಳ ಮೂಲ. ಇದರಲ್ಲಿ ಗಾಳಿಯನ್ನು ಸಿಲಿಂಡರಿನೊಳಗೆ ಹದಿನಾರು ಹದಿನೆಂಟರಲ್ಲಿ ಒಂದು ಪಾಲಾಗುವಂತೆ ಅದುಮಲಾಗುತ್ತದೆ. ಅದುಮಿದ ಗಾಳಿ ಬಹಳವಾಗಿ ಕಾಯುತ್ತದೆ. ಆ ಕಾದ ಗಾಳಿಯೊಳಕ್ಕೆ ಇಂಜೆಕ್ಟರಿನ ಮೂಲಕ ಎಣ್ಣೆಯನ್ನು ಸಣ್ಣ ತುಂತುರಾಗಿ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಂಡು ಪಿಸ್ಟನನ್ನು ತಳ್ಳುತ್ತದೆ.

ಎಣ್ಣೆಯು ಪೂರ್ತಿಯಾಗಿ ಉರಿಯಬೇಕಾದರೆ ಒಂದು ಕಿಲೋ ಎಣ್ಣೆಗೆ ಲೆಕ್ಕದಂತೆ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಎಣ್ಣೆಯೂ ಗಾಳಿಯೂ ಬೆರೆಯುವುದಕ್ಕೆ ಸಿಕ್ಕುವ ಕಾಲ ಅತ್ಯಲ್ಪವಾದುದರಿಂದ, ಕಪ್ಪು ಹೊಗೆಯಿಲ್ಲದೆ ಕೆಲಸ ನಡೆಯಬೇಕಾದರೆ ಅದಕ್ಕಿಂತ ಹೆಚ್ಚಾಗಿ ಹದಿನೆಂಟು ಇಪ್ಪತ್ತು ಕಿಲೋವಿನಷ್ಟು ಗಾಳಿಯನ್ನೇ ಒದಗಿಸಬೇಕಾಗುತ್ತದೆ. ಕಾರ್ಖಾನೆಯವರು ಈ ಮಿತಿಯನ್ನು ನೋಡಿಕೊಂಡು ಎಣ್ಣೆಯ ಪರಿಮಾಣವನ್ನು ಗೊತ್ತುಮಾಡಿ ಪಂಪಿಗೆ ಸೀಲು ಹಾಕಿರುತ್ತಾರೆ. ಗಾಳಿಯನ್ನು ಹೆಚ್ಚಿಸದೆ ಎಣ್ಣೆಯನ್ನು ಮಾತ್ರ ಹೆಚ್ಚಿಸಿದರೆ ಆಗುವುದೇನೆಂದರೆ, ಸೌದೆಯನ್ನು ಒಲೆಯ ಬಾಯಿಗೆ ಗಿಡಿದು ತುಂಬಿದಂತೆ ಉರಿಗಿಂತಲೂ ಹೊಗೆಯೇ ಹೆಚ್ಚುತ್ತದೆ. ಚಿಮಣಿಯಿಂದ ಕಪ್ಪು ಹೊಗೆ ಏಳುವುದನ್ನು ಕೆಲವು ತರುಣರು ಗಾಡಿಯ ಬಲದ ಗುರುತೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಕೊಂಡ ಎಣ್ಣೆ ಉರಿಯದೆ ಮಸಿಯಾಗಿ ಹೋಗುತ್ತಿರುವ ಗುರುತು.

ಉರಿದ ಎಣ್ಣೆಯ ಶಾಖವೆಲ್ಲವೂ ಕೆಲಸಕ್ಕೆ ಬರುವುದಿಲ್ಲವೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಕೆಲಸವಾಗುತ್ತದೆ. ಒಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದ ಪಾಲನ್ನು ರೇಡಿಯೇಟರಿನ ನೀರೂ ಸುತ್ತಣ ಗಾಳಿಯೂ ಹೊತ್ತುಕೊಂಡು ಹೋಗುತ್ತವೆ. ಆದ್ದರಿಂದ ಎಂಜಿನಿನ ಶಕ್ತಿಯನ್ನು ಹೆಚ್ಚಿಸಿದವರು ಅದರ ಕಾವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿದಂತೆಯೇ.

2. ಶಕ್ತಿವರ್ಧಕ ಸಾಧನಗಳ ಬಗೆಗಳು

ಹೀಗೆ ಮಾರಲ್ಪಡುವ ಉಪಾಯಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

(ಅ) ಹಳೆಯ ಮಾದರಿಯ ಪಂಪನ್ನು ಏರಿಸುವುದು. ಇದರಲ್ಲಿ ಸೀಲನ್ನು ಒಡೆದು, ಎಣ್ಣೆಯ ಅತಿ ಹೆಚ್ಚಿನ ಪರಿಮಾಣವನ್ನು ಗೊತ್ತುಮಾಡುವ ತಿರುಪನ್ನು ತಿರುಗಿಸುತ್ತಾರೆ. ಟರ್ಬೊ ಇಲ್ಲದ ಎಂಜಿನಿಗೆ ಹೆಚ್ಚಿನ ಗಾಳಿ ಬರುವ ದಾರಿಯೇ ಇಲ್ಲವಾದುದರಿಂದ ಇಲ್ಲಿ ಲಾಭ ಸ್ವಲ್ಪ, ಹೊಗೆ ಬಹಳ.

(ಆ) ಗವರ್ನರನ್ನು ಬದಲಾಯಿಸಿ ಎಂಜಿನಿನ ಸುತ್ತುಗಳನ್ನು ಹೆಚ್ಚಿಸುವುದು. ಇದರಿಂದ ಗಾಡಿಯ ಓಟ ಹೆಚ್ಚುವುದೇ ಹೊರತು ಎಳೆಯುವ ಬಲ ಹೆಚ್ಚುವುದಿಲ್ಲ. ಕನೆಕ್ಟಿಂಗ್ ರಾಡಿಗೂ ಬೇರಿಂಗುಗಳಿಗೂ ಇದು ಅತ್ಯಂತ ಹಾನಿಕರ. ಇದನ್ನು ಯಾವ ಕಾರಣಕ್ಕೂ ಮಾಡಿಸತಕ್ಕದ್ದಲ್ಲ.

(ಇ) ಟ್ಯೂನಿಂಗ್ ಪೆಟ್ಟಿಗೆ. ಈಚಿನ ಪಿಕಪ್ ಗಾಡಿಗಳಲ್ಲಿಯೂ, 2023ನೇ ಇಸವಿಯ ಜನವರಿಯಿಂದ ಹೊಸ ಹೊಗೆಯ ನಿಯಮಕ್ಕೆ ಒಳಪಟ್ಟ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಲ್ಲಿಯೂ ಸಾಧಾರಣವಾಗಿ ಕಾಮನ್ ರೇಲ್ ಎಂಬ ಏರ್ಪಾಡಿರುತ್ತದೆ. ಇದರಲ್ಲಿ ಎಣ್ಣೆಯು ಸಾವಿರ ಬಾರಿಗೂ ಮೀರಿದ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ನಿಂತಿರುತ್ತದೆ. ಅದನ್ನು ಯಾವಾಗ, ಎಷ್ಟು ಬಿಡಬೇಕೆಂಬುದನ್ನು ಒಂದು ಸಣ್ಣ ಕಂಪ್ಯೂಟರು ತೀರ್ಮಾನಿಸುತ್ತದೆ. ಟ್ಯೂನಿಂಗ್ ಪೆಟ್ಟಿಗೆಯನ್ನು ಒತ್ತಡ ಅಳೆಯುವ ಉಪಕರಣಕ್ಕೂ ಈ ಕಂಪ್ಯೂಟರಿಗೂ ನಡುವೆ ಸಿಕ್ಕಿಸುತ್ತಾರೆ. ಒತ್ತಡವು ಇರುವುದಕ್ಕಿಂತ ಕಡಿಮೆಯೆಂದು ಪೆಟ್ಟಿಗೆಯು ಸುಳ್ಳು ವರದಿ ಕೊಡುತ್ತದೆ. ಕಂಪ್ಯೂಟರು ಅದನ್ನು ನಂಬಿ ಒತ್ತಡವನ್ನು ಏರಿಸುತ್ತದೆ. ಅದರಿಂದ ಹೆಚ್ಚು ಎಣ್ಣೆ ಬೀಳುತ್ತದೆ. ಕೆರೆಯಲ್ಲಿ ನೀರು ಕಡಿಮೆಯೆಂದು ನೀರುಗಂಟಿಗೆ ಸುಳ್ಳು ಹೇಳಿ ತೂಬನ್ನು ಎತ್ತಿಸಿದಂತೆಯೇ ಇದು.

(ಈ) ರೀಮ್ಯಾಪು. ಇದರಲ್ಲಿ ಕಂಪ್ಯೂಟರಿನೊಳಗಣ ಲೆಕ್ಕದ ಪಟ್ಟಿಯನ್ನೇ ತಿದ್ದಿ ಬರೆಯುತ್ತಾರೆ. ಎಣ್ಣೆ, ಟರ್ಬೊ ಗಾಳಿ, ಚಿಮ್ಮುವ ಕಾಲ ಈ ಮೂರನ್ನೂ ಒಂದಕ್ಕೊಂದು ಹೊಂದಿಸಬಹುದಾದ್ದರಿಂದ ಬಲ್ಲವರ ಕೈಯಲ್ಲಿ ಇದು ಪೆಟ್ಟಿಗೆಗಿಂತ ಮೇಲು. ಅರಿಯದವರ ಕೈಯಲ್ಲಿ ಅದಕ್ಕಿಂತ ಅಪಾಯ.

(ಉ) ಆಕ್ಸಿಲರೇಟರ್ ಪೆಡಲಿಗೆ ಕೂಡಿಸುವ ಪೆಟ್ಟಿಗೆ. ಇದು ಎಂಜಿನಿನ ಶಕ್ತಿಯನ್ನು ಒಂದು ಎಳ್ಳಿನಷ್ಟೂ ಹೆಚ್ಚಿಸುವುದಿಲ್ಲ. ಪೆಡಲನ್ನು ಸ್ವಲ್ಪ ಒತ್ತಿದರೆ ಬಹಳ ಒತ್ತಿದಂತೆ ತೋರಿಸುತ್ತದೆ, ಅಷ್ಟೇ. ಗಾಡಿಯು ಚುರುಕಾದಂತೆ ಕಾಣುವುದರಿಂದ ಕೊಂಡವರು ಮೋಸಹೋಗುವುದು ಇದರಲ್ಲಿಯೇ ಹೆಚ್ಚು.

ಅಮೆರಿಕಾ ದೇಶದಲ್ಲಿ ಭಾರವಾದ ಟ್ರೇಲರುಗಳನ್ನು ಎಳೆಯುವ ಡೀಸೆಲ್ ಪಿಕಪ್ ಗಾಡಿಗಳಿಗೆ ಇಂಥ ಸಾಧನಗಳ ವ್ಯಾಪಾರವು ಬಹು ದೊಡ್ಡದಾಗಿ ಬೆಳೆಯಿತು. ಅದರೊಡನೆ ಹೊಗೆ ಶುದ್ಧಿಮಾಡುವ ಭಾಗಗಳನ್ನು ಕಿತ್ತುಹಾಕುವ ಚಾಳಿಯೂ ಬೆಳೆದು, ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಮೀರಿದ ಗಾಡಿಗಳಲ್ಲಿ ಹೀಗೆ ಮಾಡಲಾಗಿದೆಯೆಂದು ಅಲ್ಲಿಯ ಪರಿಸರ ಸಂರಕ್ಷಣಾ ಇಲಾಖೆಯವರು 2020ನೇ ಇಸವಿಯಲ್ಲಿ ಅಂದಾಜು ಮಾಡಿದರು. ಅಲ್ಲಿಯೂ ಅನುಭವಶಾಲಿಗಳಾದವರು ಭಾರ ಎಳೆಯುವ ಗಾಡಿಗೆ ಅತ್ಯಧಿಕ ಶಕ್ತಿಯ ಹೊಂದಿಕೆಯನ್ನು ಇಡುವುದಿಲ್ಲ. ಎಲ್ಲಕ್ಕಿಂತ ಸೌಮ್ಯವಾದುದನ್ನೇ ಆರಿಸಿ, ಹೊಗೆಯ ಕಾವನ್ನು ಅಳೆಯುವ ಮಾಪಕವನ್ನು ತಪ್ಪದೆ ಇಟ್ಟುಕೊಳ್ಳುತ್ತಾರೆ. ಯಾತಕ್ಕೆಂದರೆ, ಬರಿಯ ಗಾಡಿಯು ಹೆಚ್ಚಿನ ಶಕ್ತಿಯನ್ನು ಕೆಲವು ಕ್ಷಣ ಮಾತ್ರ ಉಪಯೋಗಿಸುತ್ತದೆ. ಭಾರ ಎಳೆಯುವ ಗಾಡಿಯು ಏರಿನ ಉದ್ದಕ್ಕೂ ನಿಮಿಷಗಟ್ಟಲೆ ಅದನ್ನೇ ಉಪಯೋಗಿಸಬೇಕಾಗುತ್ತದೆ.

3. ಎಳೆಯುವುದಕ್ಕೆ ನಿಜವಾಗಿ ಬೇಕಾದ ಶಕ್ತಿ ಎಷ್ಟು?

ಯಾವ ಸಾಧನವನ್ನಾಗಲಿ ಕೊಳ್ಳುವುದಕ್ಕೆ ಮುಂಚೆ ಈ ಲೆಕ್ಕವನ್ನು ಪ್ರತಿಯೊಬ್ಬ ಜಮೀನುದಾರನೂ ಮಾಡಿ ನೋಡತಕ್ಕದ್ದು. ಉದಾಹರಣೆಗೆ, 45 ಅಶ್ವಶಕ್ತಿಯ ಟ್ರ್ಯಾಕ್ಟರು 2 ಟನ್ನು, ಬರಿಯ ಟ್ರೇಲರು ಒಂದೂವರೆ ಟನ್ನು, 75 ಕಿಲೋ ತೂಕದ 60 ಚೀಲ ಬತ್ತ ನಾಲ್ಕೂವರೆ ಟನ್ನು, ಒಟ್ಟು 8 ಟನ್ನು ಎಂದಿಟ್ಟುಕೊಳ್ಳೋಣ.

ಒಳ್ಳೆಯ ಟಾರು ರಸ್ತೆಯ ಮಟ್ಟದ ನೆಲದಲ್ಲಿ ಚಕ್ರಗಳು ಉರುಳುವುದಕ್ಕೆ ಭಾರದ ನೂರರಲ್ಲಿ ಸುಮಾರು ಎರಡು ಪಾಲಿನಷ್ಟು ಎಳೆತ, ಎಂದರೆ 160 ಕಿಲೋ ಸಾಕು. ಗಂಟೆಗೆ 20 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರು. ಒಂದು ಅಶ್ವಶಕ್ತಿಯೆಂದರೆ ಸೆಕೆಂಡಿಗೆ 75 ಕಿಲೋ ಮೀಟರು ಕೆಲಸ, ಅಂದರೆ 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರು ಎತ್ತುವಷ್ಟು ಕೆಲಸ. ಈ ಪ್ರಕಾರ ಮಟ್ಟದ ರಸ್ತೆಗೆ ಬೇಕಾದುದು ಸುಮಾರು 12 ಅಶ್ವಶಕ್ತಿ ಮಾತ್ರ. 45ರಲ್ಲಿ ಉಳಿದುದು ಸುಮ್ಮನಿರುತ್ತದೆ. ಹೀಗಿರುವಲ್ಲಿ ಇನ್ನೂ ಹತ್ತು ಅಶ್ವಶಕ್ತಿಯನ್ನು ಸೇರಿಸಿದರೆ ಅದೂ ಸುಮ್ಮನೆ ಕುಳಿತಿರುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಇಪ್ಪತ್ತು ಅಡಿಗೆ ಒಂದಡಿ ಏರುವ ದಿಬ್ಬ ಬಂದಿತೆನ್ನೋಣ. ಆಗ ಭಾರದ ನೂರರಲ್ಲಿ ಐದು ಪಾಲು, ಎಂದರೆ 400 ಕಿಲೋ, ಹೆಚ್ಚಾಗಿ ಸೇರಿ ಒಟ್ಟು ಎಳೆತ 560 ಕಿಲೋ ಆಗುತ್ತದೆ. 20 ಕಿಲೋಮೀಟರು ವೇಗದಲ್ಲಿಯೇ ಹತ್ತಬೇಕೆಂದರೆ ಚಕ್ರದಲ್ಲಿ ಸುಮಾರು 41 ಅಶ್ವಶಕ್ತಿ ಬೇಕು. ಗೇರುಗಳಲ್ಲಿ ಕಳೆಯುವುದನ್ನು ಸೇರಿಸಿದರೆ ಎಂಜಿನಿನಲ್ಲಿ 47ರಷ್ಟಾಗುತ್ತದೆ. 45 ಅಶ್ವಶಕ್ತಿಯ ಗಾಡಿಯು ಇಲ್ಲಿ ಉಬ್ಬಸಪಡುವುದು ಇದರಿಂದಲೇ. ಚಾಲಕನು "ಗಾಡಿಗೆ ಬಲ ಸಾಲದು" ಎಂದು ಹೇಳುವುದೂ ಈ ಸ್ಥಳದಲ್ಲಿಯೇ.

ಆದರೆ ಅದೇ ದಿಬ್ಬವನ್ನು ಕೆಳಗಿನ ಗೇರಿಗೆ ಹಾಕಿ ಗಂಟೆಗೆ 10 ಕಿಲೋಮೀಟರಿನಂತೆ ಹತ್ತಿದರೆ ಚಕ್ರದಲ್ಲಿ ಸುಮಾರು 21, ಎಂಜಿನಿನಲ್ಲಿ ಸುಮಾರು 24 ಅಶ್ವಶಕ್ತಿ ಸಾಕು. ಒಂದು ಕಿಲೋಮೀಟರು ಉದ್ದದ ಏರನ್ನು 20ರ ವೇಗದಲ್ಲಿ ಹತ್ತಲು ಮೂರು ನಿಮಿಷ, 10ರ ವೇಗದಲ್ಲಿ ಹತ್ತಲು ಆರು ನಿಮಿಷ. ಪೆಟ್ಟಿಗೆಗೂ ಪಂಪಿಗೂ ಹಣ ಸುರಿದು, ಎಂಜಿನಿನ ಆಯುಸ್ಸನ್ನು ಕಡಿಮೆಮಾಡಿಕೊಂಡು ಗಳಿಸುವುದು ಮೂರು ನಿಮಿಷವೆಂಬುದನ್ನು ವಾಚಕ ಮಹಾಶಯರು ಗಮನಿಸಬೇಕು.

ನಮ್ಮ ಹಿರಿಯರಿಗೆ ಈ ಲೆಕ್ಕ ಬರೆಯಲು ಬಾರದಿದ್ದರೂ ತತ್ತ್ವವು ಚೆನ್ನಾಗಿ ತಿಳಿದಿತ್ತು. ಸಮೀಪದ ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿರುವ ಅಮೃತಮಹಲ್ ತಳಿಯ ಎತ್ತುಗಳು ಹಿಂದೆ ಮೈಸೂರು ಸೈನ್ಯದ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದು ಹೆಸರಾದವು. ಒಂದು ಜೊತೆ ಒಳ್ಳೆಯ ಎತ್ತುಗಳ ಶಕ್ತಿ ಸುಮಾರು ಒಂದು ಅಶ್ವಶಕ್ತಿ ಮಾತ್ರ. ಕಡಿದಾದ ಏರು ಬಂದಾಗ ತಿಳಿದ ಗಾಡಿಯವನು ಬಾರುಕೋಲನ್ನು ನಂಬದೆ ಮುಂದಕ್ಕೆ ಇನ್ನೊಂದು ಜೊತೆಯನ್ನು ಕಟ್ಟುತ್ತಿದ್ದನು, ಇಲ್ಲವೇ ಅರ್ಧ ಭಾರವನ್ನು ಇಳಿಸಿ ಎರಡು ಸಾರಿ ಹೋಗುತ್ತಿದ್ದನು.

4. ಚಕ್ರದ ಹಿಡಿತ

ಎಂಜಿನಿನಲ್ಲಿ ಎಷ್ಟು ಶಕ್ತಿಯಿದ್ದರೂ ಅದು ನೆಲಕ್ಕೆ ತಲಪುವುದು ಹಿಂದಿನ ಚಕ್ರಗಳ ಹಿಡಿತದ ಮೂಲಕವೇ. 2 ಟನ್ನು ತೂಕದ ಟ್ರ್ಯಾಕ್ಟರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಸುಮಾರು 1,300 ಕಿಲೋ ಭಾರವಿರುತ್ತದೆ. ಒಣ ಟಾರು ರಸ್ತೆಯಲ್ಲಿ ಇದರ ನೂರರಲ್ಲಿ 70 ಪಾಲು, ಎಂದರೆ ಸುಮಾರು 900 ಕಿಲೋ ಎಳೆತ ದೊರೆಯುತ್ತದೆ. ಮೇಲೆ ಹೇಳಿದ ದಿಬ್ಬಕ್ಕೆ ಇದು ಧಾರಾಳವಾಗಿ ಸಾಕು.

ನಾಲೆಯ ಬಯಲಿನ ಕೆಸರು ದಾರಿಯಲ್ಲಾದರೋ ಹಿಡಿತವು ನೂರರಲ್ಲಿ 30ಕ್ಕೆ ಇಳಿಯುತ್ತದೆ. ಟ್ರೇಲರಿನ ಭಾರದಲ್ಲಿ 500 ಕಿಲೋ ಕೊಕ್ಕೆಯ ಮೇಲೆ ಬಿದ್ದು ಹಿಂದಿನ ಚಕ್ರಗಳಿಗೆ ಸೇರಿತೆಂದರೂ ದೊರೆಯುವ ಎಳೆತ 540 ಕಿಲೋ. ಆದರೆ ಅಂಥ ಕೆಸರಿನಲ್ಲಿ ಚಕ್ರ ಹೂತುಕೊಳ್ಳುವುದರಿಂದ ಬೇಕಾಗುವ ಎಳೆತ ಭಾರದ ನೂರರಲ್ಲಿ ಎಂಟು ಪಾಲು, ಎಂದರೆ 640 ಕಿಲೋ. ಗಾಡಿಯು ಇಲ್ಲಿ ನಿಂತುಹೋಗುವುದು ಎಂಜಿನಿನ ದೋಷದಿಂದಲ್ಲ, ಚಕ್ರವು ಜಾರುವುದರಿಂದ. ಪಂಪನ್ನು ಏರಿಸಿದರೆ ಚಕ್ರವು ಇನ್ನೂ ಬೇಗನೆ ಸುತ್ತಿ ಇನ್ನೂ ಆಳವಾಗಿ ಹೂತುಕೊಳ್ಳುತ್ತದೆ. ಇಲ್ಲಿ ಉಪಯೋಗಕ್ಕೆ ಬರುವುವು ನಾಲ್ಕು: ಹಿಂದಿನ ಟೈರಿನೊಳಗೆ ನೀರು ತುಂಬಿಸುವುದು, ಚಕ್ರಕ್ಕೆ ತೂಕದ ಬಿಲ್ಲೆಗಳನ್ನು ಕೂಡಿಸುವುದು, ಸವೆದ ಟೈರನ್ನು ಬದಲಾಯಿಸುವುದು, ಕೆಸರಿನ ಹೊಲದಿಂದ ರಸ್ತೆಯವರೆಗೆ ಅರ್ಧ ಭಾರವನ್ನು ಮಾತ್ರ ತರುವುದು.

5. ಹೆಚ್ಚಿದ ಶಕ್ತಿಯನ್ನು ಹೊರತಕ್ಕ ಭಾಗಗಳು

"ಒಂದೇ ಅಳತೆಯ ಸಿಲಿಂಡರಿರುವ ಎಂಜಿನನ್ನು ಕಂಪೆನಿಯವರೇ ಕಡಿಮೆ ಶಕ್ತಿಗೂ ಹೆಚ್ಚು ಶಕ್ತಿಗೂ ಮಾಡಿ ಮಾರುತ್ತಾರಲ್ಲ, ನಾವು ಮಾಡಿಕೊಂಡರೆ ತಪ್ಪೇನು?" ಎಂದು ಕೆಲವರು ಕೇಳುವುದುಂಟು. ಇದು ಯೋಗ್ಯವಾದ ಪ್ರಶ್ನೆಯೇ. ಉತ್ತರವೇನೆಂದರೆ, ಕಂಪೆನಿಯವರು ಶಕ್ತಿಯನ್ನು ಹೆಚ್ಚಿಸುವಾಗ ಪಂಪನ್ನು ಮಾತ್ರ ತಿರುಗಿಸುವುದಿಲ್ಲ. ಅಗತ್ಯವಾದಲ್ಲೆಲ್ಲಾ ಟರ್ಬೊ, ರೇಡಿಯೇಟರು, ಕ್ಲಚ್ಚು, ಗೇರು, ಆಕ್ಸಲ್, ಬ್ರೇಕು ಇವುಗಳನ್ನೂ ಅದಕ್ಕೆ ತಕ್ಕಂತೆ ಬಲಪಡಿಸಿ, ಪರೀಕ್ಷೆ ಮಾಡಿಸಿ ಅನಂತರ ಮಾರುತ್ತಾರೆ. ಪಂಪನ್ನು ಮಾತ್ರ ಏರಿಸಿಕೊಂಡವನ ಗಾಡಿಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತಾಗುತ್ತದೆ.

ಮೊದಲು ಕೆಡುವುದು ಸಾಮಾನ್ಯವಾಗಿ ಕ್ಲಚ್ಚು. ಅದು ಜಾರಲಾರಂಭಿಸಿದರೆ ಹೆಚ್ಚಿದ ಶಕ್ತಿಯೆಲ್ಲಾ ಕಾವಾಗಿ ಹೋಗುತ್ತದೆ. ಅದಕ್ಕಿಂತ ಭಯಂಕರವಾದುದು ಪಿಸ್ಟನಿನ ಗತಿ. ಪಿಸ್ಟನುಗಳನ್ನು ಸಾಧಾರಣವಾಗಿ ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡಿರುತ್ತಾರೆ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಮಿಶ್ರಲೋಹವು ಇನ್ನೂ ಕಡಿಮೆಯಲ್ಲಿಯೇ ಮೆತ್ತಗಾಗುತ್ತದೆ. ತಣ್ಣಗಿನ ಗಾಳಿಯೂ ಎಣ್ಣೆಯೂ ಅದನ್ನು ಕಾಪಾಡುತ್ತಿರುತ್ತವೆ. ಟರ್ಬೊವಿಗೆ ಮುಂಚೆ ಅಳೆದ ಹೊಗೆಯ ಕಾವು 700 ಡಿಗ್ರಿಯನ್ನು ದಾಟಿ ಬಹಳ ಹೊತ್ತು ನಿಂತರೆ ಆ ಕಾಪು ಸಾಲದೆ ಪಿಸ್ಟನಿನ ತಲೆ ಬಿರಿಯುವುದಕ್ಕೂ ಟರ್ಬೊವಿನ ರೆಕ್ಕೆಗಳು ಕೆಡುವುದಕ್ಕೂ ಕಾರಣವಾಗುತ್ತದೆ. ಬೇಸಗೆಯ ಮಧ್ಯಾಹ್ನದಲ್ಲಿ ಭಾರದೊಡನೆ ಏರನ್ನು ಹತ್ತುವಾಗ ಈ ಸ್ಥಿತಿ ಬರುವುದು ಸುಲಭ.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕಿನ ಮಾತು. ನಮ್ಮ ಸೀಮೆಯ ಅನೇಕ ಟ್ರೇಲರುಗಳಿಗೆ ಸ್ವಂತ ಬ್ರೇಕು ಇಲ್ಲ. 8 ಟನ್ನಿನ ಓಟವನ್ನೆಲ್ಲಾ 2 ಟನ್ನಿನ ಟ್ರ್ಯಾಕ್ಟರೇ ತಡೆಯಬೇಕು. ವೇಗವು 20ರಿಂದ 30ಕ್ಕೆ ಏರಿದರೆ ಬ್ರೇಕು ಅಡಗಿಸಬೇಕಾದ ರಭಸವು ಒಂದೂವರೆಯಷ್ಟಲ್ಲ, ಎರಡೂಕಾಲರಷ್ಟಾಗುತ್ತದೆ. ಶಕ್ತಿವರ್ಧಕ ಸಾಧನವು ಗಾಡಿಯನ್ನು ಓಡಿಸುವುದಕ್ಕೆ ಸಹಾಯ ಮಾಡೀತು. ನಿಲ್ಲಿಸುವುದಕ್ಕೆ ಯಾವ ಸಹಾಯವನ್ನೂ ಮಾಡುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಹಿಂದಿನ ಟ್ರೇಲರು ಟ್ರ್ಯಾಕ್ಟರನ್ನು ಪಕ್ಕಕ್ಕೆ ನೂಕಿ ಮಗುಚಿಹಾಕಿದರೆ ಮೊದಲು ಆಹುತಿಯಾಗುವವನು ಸಂಬಳಕ್ಕೆ ಬಂದ ಚಾಲಕನು. ನಾಟಿ, ಕೊಯ್ಲು ಮುಗಿಸಿ ಟ್ರೇಲರಿನ ಮೇಲೆ ಕೂಲಿಯ ಹೆಂಗಸರು ಹಿಂದಿರುಗುವ ಪದ್ಧತಿಯೂ ನಮ್ಮಲ್ಲಿ ನಿಂತಿಲ್ಲ. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂರಿಸತಕ್ಕದ್ದಲ್ಲವೆಂಬುದನ್ನು ಗ್ರಾಮದ ಯಜಮಾನರು ತಮ್ಮ ಊರಿನಲ್ಲಿ ಕಟ್ಟುನಿಟ್ಟಾಗಿ ನಡೆಯಿಸಬೇಕು.

ಇನ್ನೊಂದು ಅಪಾಯವೂ ಉಂಟು. ಟ್ರೇಲರನ್ನಾಗಲಿ ಹೂತ ಮರವನ್ನಾಗಲಿ ಹಿಂದಿನ ಆಕ್ಸಲಿಗಿಂತ ಎತ್ತರದ ಸ್ಥಳಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಮೇಲಕ್ಕೆ ಎದ್ದು, ಗಾಡಿಯು ಚಾಲಕನ ಮೇಲೆ ಹಿಂದಕ್ಕೆ ಮಗುಚುವ ಸಂಭವವಿದೆ. ಎಂಜಿನಿನ ತಿರುಚುವ ಬಲವನ್ನು ಹೆಚ್ಚಿಸಿದಷ್ಟೂ ಈ ಭಯವೂ ಹೆಚ್ಚು. ಯಾವಾಗಲೂ ತಗ್ಗಿನಲ್ಲಿರುವ ಕೊಕ್ಕೆಗೇ ಕಟ್ಟತಕ್ಕದ್ದು.

6. ಕಾನೂನಿನ ವಿಚಾರ

1988ನೇ ಇಸವಿಯ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಿಸಿದವರು ಮೂಲದಲ್ಲಿ ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ನೋಂದಣಿಯಲ್ಲಿ ನಮೂದಾಗುವ ವಿವರಗಳಲ್ಲಿ ಅಶ್ವಶಕ್ತಿಯೂ ಒಂದು. 2019ನೇ ಇಸವಿಯ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಟು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ಜುಲ್ಮಾನೆ, ಅಥವಾ ಎರಡೂ ವಿಧಿಸಬಹುದೆಂದು ಹೇಳಿದೆ. ಹೊಣೆಯು ಮೆಕ್ಯಾನಿಕ್ಕಿನ ಮೇಲೆ ಹೋಗದೆ ಮಾಲೀಕನ ಮೇಲೆಯೇ ಬೀಳುತ್ತದೆಂಬುದನ್ನು ಗಮನಿಸಬೇಕು.

2020ನೇ ಇಸವಿಯ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಭಾಗಗಳಿರುತ್ತವೆ. ಮಸಿ ಹಿಡಿಯುವ ಫಿಲ್ಟರನ್ನು ಕಿತ್ತುಹಾಕಿದರೆ ಗಾಡಿ ಹಗುರವಾಗಿ ಎಳೆಯುತ್ತದೆಂದು ಹೇಳುವವರ ಮಾತಿಗೆ ಕಿವಿಗೊಡತಕ್ಕದ್ದಲ್ಲ. ಇದಲ್ಲದೆ ಸೀಲು ಒಡೆದ ಪಂಪಿಗೂ ತಿದ್ದಿದ ಕಂಪ್ಯೂಟರಿಗೂ ಕಂಪೆನಿಯ ವಾರಂಟಿ ತಪ್ಪಿಹೋಗುತ್ತದೆ. ಅಪಘಾತವಾದಲ್ಲಿ ವಿಮೆಯ ಕಂಪೆನಿಯವರು ತಕರಾರು ಮಾಡುವುದಕ್ಕೂ ಅವಕಾಶವಾಗುತ್ತದೆ.

7. ಇದ್ದ ಶಕ್ತಿಯನ್ನು ಪೂರ್ತಿಯಾಗಿ ಪಡೆಯುವ ಕ್ರಮ

ಬಲ ಕಡಿಮೆಯಾಯಿತೆಂದು ದೂರು ಬರುವ ಗಾಡಿಗಳಲ್ಲಿ ಬಹುಪಾಲಿಗೆ ಬೇಕಾಗಿರುವುದು ಹೊಸ ಶಕ್ತಿಯಲ್ಲ. ಕಳೆದುಹೋದ ಶಕ್ತಿಯ ಮರಳಿಕೆ. ಈ ಕೆಳಗಿನವುಗಳನ್ನು ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸತಕ್ಕದ್ದು.

ಮೊದಲನೆಯದು, ಗಾಳಿಯ ಫಿಲ್ಟರು. ಜಗಳೂರಿನ ಕಡೆಯ ಧೂಳಿನಲ್ಲಿ ಇದು ಬಹು ಬೇಗನೆ ಕಟ್ಟಿಕೊಳ್ಳುತ್ತದೆ. ಎಣ್ಣೆಯ ಬಟ್ಟಲಿರುವ ಫಿಲ್ಟರಿನಲ್ಲಿ ಧೂಳಿನ ಕೆಲಸದ ದಿನಗಳಲ್ಲಿ ಪ್ರತಿದಿನವೂ ಎಣ್ಣೆಯನ್ನು ನೋಡಿ, ಕೊಳೆಯಾಗಿದ್ದರೆ ಬದಲಾಯಿಸಬೇಕು. ಎರಡನೆಯದು, ಡೀಸೆಲ್ ಫಿಲ್ಟರು ಮತ್ತು ಟ್ಯಾಂಕಿನ ತಳದ ನೀರು. ಮೂರನೆಯದು, ಇಂಜೆಕ್ಟರುಗಳು. ತುಂತುರಾಗದೆ ಹನಿಯಾಗಿ ಬೀಳುವ ಇಂಜೆಕ್ಟರಿನಿಂದ ಎಣ್ಣೆ ಹೆಚ್ಚು ಖರ್ಚಾಗಿ ಬಲ ಕಡಿಮೆಯಾಗುತ್ತದೆ. ನಾಲ್ಕನೆಯದು, ವಾಲ್ವುಗಳ ಸಂದು. ಐದನೆಯದು, ಕ್ಲಚ್ಚು ಜಾರುವುದೇ, ಬ್ರೇಕು ಬಿಟ್ಟರೂ ಹಿಡಿದಿರುವುದೇ ಎಂಬುದು. ಆರನೆಯದು, ಟ್ರೇಲರಿನ ಚಕ್ರದ ಬೇರಿಂಗುಗಳೂ ಟೈರಿನ ಗಾಳಿಯೂ. ಗಾಳಿ ಕಡಿಮೆಯಾದ ಟ್ರೇಲರು ಟಾರು ರಸ್ತೆಯಲ್ಲಿಯೂ ಮಣ್ಣು ದಾರಿಯಲ್ಲಿ ಹೋಗುವಂತೆ ಭಾರವಾಗುತ್ತದೆ.

ಹೊಗೆಯ ಬಣ್ಣವೂ ಒಳ್ಳೆಯ ಸಾಕ್ಷಿ. ಕಪ್ಪಾದರೆ ಗಾಳಿ ಕಡಿಮೆ ಅಥವಾ ಎಣ್ಣೆ ಹೆಚ್ಚು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನು ಕಾದ ಮೇಲೂ ಬಿಳಿಯಾಗಿಯೇ ಇದ್ದರೆ ಎಣ್ಣೆ ಹೊತ್ತದೆ ಹೋಗುತ್ತಿದೆ ಅಥವಾ ನೀರು ಸಿಲಿಂಡರಿಗೆ ಇಳಿಯುತ್ತಿದೆ ಎಂದು ತಿಳಿಯಬೇಕು. ನೀಲಿ ಅಥವಾ ಬಿಳಿ ಹೊಗೆಯ ಎಂಜಿನಿನ ಶಕ್ತಿಯನ್ನು ಹೆಚ್ಚಿಸಲು ಹೋಗುವುದು ಬಳಲಿದ ಎತ್ತಿಗೆ ನೊಗವನ್ನು ಇಮ್ಮಡಿ ಮಾಡಿದಂತೆ.

8. ಮಾರುವವರ ಮಾತನ್ನು ಪರೀಕ್ಷಿಸುವ ವಿಧಾನ

ಯಾವ ಸಾಧನದ ಗುಣವನ್ನೂ ಬಾಯಿಮಾತಿನಿಂದ ತಿಳಿಯಲಾಗುವುದಿಲ್ಲ. ಗೊತ್ತಾದ ಒಂದು ಏರನ್ನು ಆರಿಸಿಕೊಂಡು, ತೂಕ ಮಾಡಿದ ಅದೇ ಭಾರ, ಅದೇ ಗೇರು, ಅದೇ ಚಾಲಕ ಇರುವಂತೆ ನೋಡಿಕೊಂಡು ಮೂರು ಸಾರಿ ಹತ್ತಿಸಿ, ಹಿಡಿದ ಕಾಲವನ್ನು ಬರೆದಿಟ್ಟುಕೊಳ್ಳಬೇಕು. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಒಂದು ದಿನದ ಕೆಲಸವಾದ ಮೇಲೆ ಮತ್ತೆ ಕತ್ತಿನವರೆಗೆ ತುಂಬಿಸಿದರೆ ಖರ್ಚಾದ ಎಣ್ಣೆ ತಿಳಿಯುತ್ತದೆ. ಸರಿಯಾಗಿರುವ ಎಂಜಿನು ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡುವುದಕ್ಕೆ ಸುಮಾರು ಕಾಲು ಲೀಟರು ಡೀಸೆಲನ್ನು ತೆಗೆದುಕೊಳ್ಳುತ್ತದೆ. ಮೊದಲು ಗಾಡಿಯು ಇದ್ದ ಹಾಗೆಯೂ, ಅನಂತರ ಮೇಲೆ ಹೇಳಿದ ಆರು ಭಾಗಗಳನ್ನು ಸರಿಪಡಿಸಿಯೂ ಈ ಪರೀಕ್ಷೆಯನ್ನು ಮಾಡಿ ಎರಡನ್ನೂ ಹೋಲಿಸಿ ನೋಡತಕ್ಕದ್ದು. ಇಷ್ಟರಿಂದಲೇ ತೃಪ್ತಿಯಾದರೆ ಮುಂದೆ ಹಣ ವೆಚ್ಚಮಾಡುವ ಅಗತ್ಯವೇ ಬೀಳುವುದಿಲ್ಲ.

9. ಆರಿಸುವ ಕ್ರಮ

ಇಷ್ಟಾದರೂ ಶಕ್ತಿ ಸಾಲದೆಂದು ಲೆಕ್ಕದಿಂದ ಸ್ಥಿರಪಟ್ಟರೆ ಮೂರು ದಾರಿಗಳುಂಟು.

ಮೊದಲನೆಯದು, ವರ್ಷದಲ್ಲಿ ಕೆಲವೇ ದಿನಗಳು ಹೆಚ್ಚಿನ ಶಕ್ತಿ ಬೇಕಾಗುವವರು ಕೃಷಿ ಯಂತ್ರಧಾರೆ ಕೇಂದ್ರದಿಂದ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆಯುವುದು. ಸಣ್ಣ ಹಿಡುವಳಿಯವರಿಗೆ ಇದೇ ಉತ್ತಮ.

ಎರಡನೆಯದು, ವರ್ಷವೆಲ್ಲಾ ಸಾಗಾಟದ ಕೆಲಸವಿರುವವರು ಮುಂದಿನ ಸಾರಿ ಕೊಳ್ಳುವಾಗ ತಕ್ಕ ಮಾದರಿಯನ್ನೇ ಆರಿಸುವುದು. ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆಯವರು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿಗಳನ್ನು ಹೊರಡಿಸುತ್ತಾರೆ. ನಮಗೆ ಸಮೀಪದ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿಯೂ ಕೃಷಿ ಯಂತ್ರಗಳ ತರಬೇತು ಮತ್ತು ಪರೀಕ್ಷೆಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಪರೀಕ್ಷೆಯ ವರದಿಯಲ್ಲಿ ಮೂರು ಅಂಶಗಳನ್ನು ನೋಡಬೇಕು: ಪಿ.ಟಿ.ಓ. ಶಕ್ತಿ, ಒಂದು ಗಂಟೆಯ ಎಣ್ಣೆಯ ಖರ್ಚು, ಮತ್ತು ಭಾರ ಬಿದ್ದು ಸುತ್ತು ಇಳಿದಾಗ ತಿರುಚುವ ಬಲವು ನೂರಕ್ಕೆ ಎಷ್ಟು ಪಾಲು ಹೆಚ್ಚುವುದೆಂಬ ಅಂಕಿ. ಈ ಮೂರನೆಯ ಅಂಕಿ ಹೆಚ್ಚಾಗಿರುವ ಗಾಡಿಯೇ ಏರಿನಲ್ಲಿ ಕಚ್ಚಿ ಹಿಡಿದು ಎಳೆಯತಕ್ಕದ್ದು. ಜಾಹಿರಾತಿನ ದೊಡ್ಡ ಅಶ್ವಶಕ್ತಿಗಿಂತ ಇದು ಮುಖ್ಯ.

ಮೂರನೆಯದು, ಶಕ್ತಿವರ್ಧಕ ಸಾಧನ. ರಸ್ತೆಯ ಮೇಲೆ ಓಡುವ ನೋಂದಣಿಯಾದ ಗಾಡಿಗೆ ಇದು ಸಲಹೆ ಮಾಡತಕ್ಕದ್ದಲ್ಲವೆಂದು ಮೇಲಿನ ಕಾರಣಗಳಿಂದ ಸ್ಪಷ್ಟವಾಗುತ್ತದೆ. ಆದರೂ ಮಾರುವವರು ಮನೆಬಾಗಿಲಿಗೆ ಬಂದಾಗ ಈ ಪ್ರಶ್ನೆಗಳನ್ನು ಕೇಳಿದರೆ ಮಾತಿನ ಬೆಲೆ ತಿಳಿಯುತ್ತದೆ: ಗಾಡಿಯನ್ನು ಮಾಡಿದ ಕಂಪೆನಿಯವರು ಇದಕ್ಕೆ ಲಿಖಿತವಾಗಿ ಒಪ್ಪಿರುವರೇ? ನೋಂದಣಿ ಅಧಿಕಾರಿಯ ಅನುಮತಿ ಇದೆಯೇ? ಹೆಚ್ಚುವ ಶಕ್ತಿಯು ಕಡಿಮೆ ಸುತ್ತಿನಲ್ಲಿ ದೊರೆಯುವುದೇ, ಕೊನೆಯ ಸುತ್ತಿನಲ್ಲಿ ಮಾತ್ರವೇ? ಎಣ್ಣೆಗೆ ತಕ್ಕ ಗಾಳಿ ಎಲ್ಲಿಂದ ಬರುತ್ತದೆ? ಹೊಗೆಯ ಕಾವನ್ನು ತೋರಿಸುವ ಮಾಪಕವನ್ನು ಕೊಡುವಿರಾ? ಎಂಜಿನು ಕೆಟ್ಟರೆ ಖರ್ಚನ್ನು ಯಾರು ಕೊಡುತ್ತಾರೆ? ಹಿಂದಿನ ಸ್ಥಿತಿಗೆ ತರಲು ಸಾಧ್ಯವೇ? ಇವುಗಳಲ್ಲಿ ಒಂದಕ್ಕಾದರೂ ತೃಪ್ತಿಕರವಾದ ಉತ್ತರ ಬಾರದಿದ್ದರೆ ಅಂಥವರನ್ನು ಮರ್ಯಾದೆಯಿಂದ ಕಳುಹಿಸಿಕೊಡುವುದೇ ಲೇಸು.

10. ಸಾರಾಂಶ

(1) ಮಟ್ಟದ ರಸ್ತೆಯಲ್ಲಿ ಹೆಚ್ಚಿನ ಶಕ್ತಿ ಉಪಯೋಗಕ್ಕೆ ಬರುವುದಿಲ್ಲ. ಕೆಸರಿನಲ್ಲಿ ಚಕ್ರದ ಹಿಡಿತವೇ ಮಿತಿ. ಏರಿನಲ್ಲಿ ಕೆಳಗಿನ ಗೇರೇ ಮದ್ದು.
(2) ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲಿಗೆ ಹಾಕತಕ್ಕದ್ದಲ್ಲ. ಹತ್ತಿದ ಗೇರಿನಲ್ಲಿಯೇ ಇಳಿಯತಕ್ಕದ್ದು.
(3) ಪಂಪಿನ ಸೀಲನ್ನು ಒಡೆಯಿಸತಕ್ಕದ್ದಲ್ಲ, ಗವರ್ನರನ್ನು ಮುಟ್ಟಿಸತಕ್ಕದ್ದಲ್ಲ.
(4) ಗಾಳಿ ಫಿಲ್ಟರು, ಇಂಜೆಕ್ಟರು, ಟೈರು ಇವುಗಳನ್ನು ಸುಗ್ಗಿಗೆ ಒಂದು ತಿಂಗಳು ಮುಂಚೆಯೇ ಪರೀಕ್ಷೆ ಮಾಡಿಸತಕ್ಕದ್ದು.
(5) ಶಕ್ತಿವರ್ಧಕ ಸಾಧನಕ್ಕೆ ಕೊಡಬೇಕೆಂದಿರುವ ಹಣವನ್ನು ಟ್ರೇಲರಿಗೆ ಬ್ರೇಕು, ಹಿಂದುಗಡೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ, ಒಳ್ಳೆಯ ಟೈರು ಇವುಗಳಿಗಾಗಿ ವಿನಿಯೋಗಿಸಿದರೆ ಮಾಲೂ ಉಳಿಯುತ್ತದೆ, ಜನರ ಪ್ರಾಣವೂ ಉಳಿಯುತ್ತದೆ.

ಗ್ರಾಮದ ಯಜಮಾನರು ಈ ಸಂಗತಿಗಳನ್ನು ತಮ್ಮ ಊರಿನ ಟ್ರ್ಯಾಕ್ಟರು ಚಾಲಕರಿಗೂ ಓದಿ ಹೇಳಬೇಕೆಂದೂ, ಸುಗ್ಗಿ ಪ್ರಾರಂಭವಾಗುವುದಕ್ಕೆ ಮುಂಚೆ ಊರಿನ ಟ್ರೇಲರುಗಳನ್ನೆಲ್ಲಾ ಒಂದು ದಿವಸ ಒಂದೆಡೆ ಸೇರಿಸಿ ಬ್ರೇಕು, ಕೊಕ್ಕೆ, ದೀಪಗಳ ತನಿಖೆ ಮಾಡಿಸಬೇಕೆಂದೂ ಕೋರಲಾಗಿದೆ.